ರೀಲಿನ ಮೂರು 'ಟೈಟು'ಗಳಿಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಕೋಲು, ದಾರ ಸುತ್ತುವ ರೀಲು ಹಿಡಿದು ಮೀನು ಹಿಡಿಯಲು ಹೊಸದಾಗಿ ಬರುವವರಿಗೆ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಯಾವ ರೀಲು ಆರಿಸಬೇಕು, ದೂರಕ್ಕೆ ಎಸೆಯುವ ಹಾಗೆ ಅದನ್ನು ಹೇಗೆ ಹದ ಮಾಡಬೇಕು ಅನ್ನುವ ಭಾಗಕ್ಕೆ ಬಂದಾಗ ಪದಗಳು ಸಾಲುತ್ತಿಲ್ಲ. ಟ್ಯೂನ್ ಮಾಡುವುದಕ್ಕೆ 'ಹದ ಮಾಡು' ಸರಿಯಾಗಿ ಕೂತಿದೆ, ಅದರ ಬಗ್ಗೆ ತಕರಾರಿಲ್ಲ. ಉಳಿದವುಗಳಿಗೆ ನಿಮ್ಮ ಸಹಾಯ ಬೇಕು.

ಅಳಿವೆ ಬಾಗಿಲಿನ ಕಲ್ಲುಗಳ ಮೇಲೆ ನಿಂತು ಗಾಳ ಹಾಕುವವರ ಮಾತು ಕೇಳಿ. ದಾರ ಸಿಕ್ಕಾದರೆ 'ಟೈಟ್ ಮಾಡು' ಅಂತಾರೆ. ದೂರ ಹೋಗದಿದ್ದರೆ 'ಲೂಸ್ ಬಿಡು'. ದೊಡ್ಡ ಮೀನು ಎಳೆದುಕೊಂಡು ಹೊರಟರೂ 'ಟೈಟ್ ಮಾಡು', ದಾರ ಹರಿಯುವ ಹಾಗೆ ಕಂಡರೆ ಮತ್ತೆ 'ಲೂಸ್ ಬಿಡು'. ಆದರೆ ಒಂದು ಜಾತಿಯ ರೀಲಿನಲ್ಲಿ ಟೈಟ್ ಮಾಡುವ ಜಾಗ ಮೂರಿವೆ, ಮೂರರ ಕೆಲಸವೂ ಬೇರೆ ಬೇರೆ. ಹೊಸಬರು ಕಣ್ಣಿಗೆ ಮೊದಲು ಬೀಳುವುದನ್ನು, ಅಂದರೆ ರೀಲು ಸುತ್ತುವ ಹಿಡಿಯ ಪಕ್ಕದಲ್ಲಿರುವ ನಕ್ಷತ್ರದಂಥ ಚಕ್ರವನ್ನು, ತಿರುಗಿಸಿ ಬಿಗಿ ಮಾಡುತ್ತಾರೆ. ಅದಕ್ಕೂ ಎಸೆತಕ್ಕೂ ಸಂಬಂಧವೇ ಇಲ್ಲ. ಸಿಕ್ಕು ಆಗುವುದು ನಿಲ್ಲುವುದಿಲ್ಲ, ಆಮೇಲೆ ಒಳ್ಳೆಯ ಮೀನು ಕಚ್ಚಿದಾಗ ದಾರ ಪಟ್ ಅಂತ ಹರಿದುಹೋಗುತ್ತದೆ. ಇದು ಪದ ಇಲ್ಲದ್ದರಿಂದ ಆಗುವ ನಷ್ಟ ಅಂತಲೇ ನಾನು ನಂಬಿದ್ದೇನೆ.

ಮೊದಲು ಸುಲಭದವು. 'ರೀಲು' ಹಾಗೇ ಇರಲಿ, ಎಲ್ಲರ ಬಾಯಲ್ಲೂ ಇದೆ. ದಾರ ಸುತ್ತುವ ಭಾಗಕ್ಕೆ 'ಸ್ಪೂಲ್' ಅಂತಲೇ ಬರೆದಿದ್ದೇನೆ. ನೈಲಾನ್ ದಾರಕ್ಕೆ ಕರಾವಳಿ ಕಡೆ ತಂಗೂಸಿ, ತಂಗೀಸು ಅಂತ ಊರಿಗೊಂದು ಥರ ಅಂತಾರೆ. ನಾನು 'ದಾರ' ಅಂತ ಬರೆದಿದ್ದೇನೆ, ಯಾಕೆಂದರೆ ಈಗ ಹೆಣೆದ ದಾರ ಹಾಕುವವರೂ ಜಾಸ್ತಿ.

ಕಷ್ಟ ಶುರುವಾಗುವುದು ರೀಲಿನ ಜಾತಿಗಳಲ್ಲಿ. ಎಸೆಯುವ ರೀಲುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದರಲ್ಲಿ ಸ್ಪೂಲ್ ಕದಲುವುದಿಲ್ಲ, ಎಸೆದಾಗ ದಾರ ಅದರ ತುದಿಯಿಂದ ಸುರುಳಿ ಸುರುಳಿಯಾಗಿ ಜಾರಿ ಹೋಗುತ್ತದೆ. ಇನ್ನೊಂದರಲ್ಲಿ ಸ್ಪೂಲೇ ಗಿರ್ರನೆ ತಿರುಗಿ ದಾರ ಬಿಚ್ಚುತ್ತದೆ. ಇಂಗ್ಲಿಷಿನಲ್ಲಿ ಸ್ಪೂಲ್ ತಿರುಗದೆ ನಿಲ್ಲುವ ರೀಲಿಗೇ ಸ್ಪಿನ್ನಿಂಗ್ ರೀಲ್ ಅನ್ನುತ್ತಾರೆ! ಬ್ರಿಟನ್ನಿನಲ್ಲಿ ನೀರೊಳಗೆ ತಿರುಗುತ್ತಾ ಬರುವ ಹುಸಿ ಮೀನನ್ನು ಎಸೆದು ಎಳೆಯುವುದಕ್ಕೆ ಸ್ಪಿನ್ನಿಂಗ್ ಅನ್ನುತ್ತಿದ್ದರು, ಹೆಸರು ಅಲ್ಲಿಂದ ಬಂತು. ಹಾಗಾಗಿ ಅದನ್ನು 'ತಿರುಗುವ ರೀಲು' ಅಂತ ಕನ್ನಡಕ್ಕೆ ತಂದರೆ ಓದುಗ ಪೂರ್ತಿ ಉಲ್ಟಾ ತಿಳಿಯುತ್ತಾನೆ. ಯಾರೂ ದಯವಿಟ್ಟು ಆ ಪದ ಸೂಚಿಸಬೇಡಿ.

ನನಗೆ ಹೊಳೆದದ್ದು ನೇಕಾರರ 'ಕಂಡಿಕೆ'. ಮಗ್ಗದ ಲಾಳಿಯೊಳಗೆ ಹೊಕ್ಕಿನ ನೂಲು ಸುತ್ತಿಟ್ಟ ಕಂಡಿಕೆ ಇರುತ್ತದಲ್ಲ, ಎಳೆದು ಬಿಡುವ ಲಾಳಿಯಲ್ಲಿ ಆ ಕಂಡಿಕೆ ತಿರುಗುವುದಿಲ್ಲ, ನೂಲು ಅದರ ತುದಿಯಿಂದ ಜಾರುತ್ತಾ ಬರುತ್ತದೆ. ಸ್ಪೂಲ್ ನಿಲ್ಲುವ ರೀಲಿನ ಕೆಲಸವೂ ಇದೇ. ಇದು ಸುಮ್ನೆ ಹೋಲಿಕೆ ಅಲ್ಲ. 1905ರಲ್ಲಿ ಈ ಬಗೆಯ ರೀಲಿಗೆ ಪೇಟೆಂಟ್ ಪಡೆದ ಇಂಗ್ಲೆಂಡಿನ ಆಲ್ಫ್ರೆಡ್ ಹೋಲ್ಡನ್ ಇಲ್ಲಿಂಗ್‌ವರ್ತ್ ನೂಲಿನ ಗಿರಣಿಯವನು, ಗಿರಣಿಯ ನೂಲಿನ ಕಂಡಿಕೆ ನೋಡಿಯೇ ಅವನಿಗೆ ಈ ಯೋಚನೆ ಬಂತು ಅಂತ ಹೇಳುತ್ತಾರೆ. ಹಾಗಾಗಿ 'ಕಂಡಿಕೆ ರೀಲು' ಅಂದರೆ ಹೇಗೆ? ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿ, ಮೊಳಕಾಲ್ಮೂರು ಕಡೆಯ ನೇಕಾರ ಮನೆತನದವರು ಯಾರಾದರೂ ಇಲ್ಲಿದ್ದರೆ ಈ ಬಳಕೆ ಸರಿ ಕೇಳುತ್ತದಾ ಅಂತ ಹೇಳಿ.

ಇನ್ನೊಂದು ಜಾತಿಗೆ 'ಉರುಳು ರೀಲು' ಅಂತ ಮೊದಲು ಬರೆದಿದ್ದೆ, ಆಮೇಲೆ ಹೊಡೆದು ಹಾಕಿದೆ. ಹಳ್ಳಿ ಕಡೆ ಉರುಳು ಅಂದರೆ ಪ್ರಾಣಿ ಹಿಡಿಯುವ ಕುಣಿಕೆ. ಮೀನು ಹಿಡಿಯುವ ಬರಹದಲ್ಲಿ ಆ ಗೊಂದಲ ಬೇಡ. ಈಗ 'ತಿರುಗು ರೀಲು' ಅಂತ ಇಟ್ಟಿದ್ದೇನೆ. ಬ್ರಿಟಿಷರು ಇದನ್ನು ಮಲ್ಟಿಪ್ಲೈಯರ್ ಅನ್ನುವುದು ಹಲ್ಲುಚಕ್ರದ ಲೆಕ್ಕದಿಂದ: ಹಿಡಿ ಒಂದು ಸುತ್ತು, ಸ್ಪೂಲ್ ಹಲವು ಸುತ್ತು. 19ನೇ ಶತಮಾನದ ಆರಂಭದಲ್ಲಿ ಅಮೆರಿಕದ ಕೆಂಟಕಿಯಲ್ಲಿ ಜಾರ್ಜ್ ಸ್ನೈಡರ್ ಅನ್ನುವ ಗಡಿಯಾರ ಕೆಲಸಗಾರ ಇಂಥ ರೀಲುಗಳನ್ನು ಕೈಯಲ್ಲೇ ಮಾಡುತ್ತಿದ್ದ. ರೀಲು ಮಾಡುವ ಸ್ವೀಡನ್ನಿನ ಆಬು ಕಂಪನಿಯೂ 1921ರಲ್ಲಿ ಗಡಿಯಾರದ ಕಾರ್ಖಾನೆಯಾಗಿ ಹುಟ್ಟಿದ್ದು. ಡಬ್ಬಿಯ ಮೇಲಿನ 6.3:1 ಅನ್ನುವುದನ್ನು 'ಒಂದಕ್ಕೆ ಆರೂ ಚಿಲ್ಲರೆ ಸುತ್ತು' ಅಂತ ಬರೆದರೆ ಯಾರಿಗೂ ತಿಳಿಯುತ್ತದೆ. ಅಂಗಡಿಯವರು ಈ ಅಂಕಿಯನ್ನೇ ಎತ್ತಿ ಎತ್ತಿ ಹೇಳುತ್ತಾರೆ, ಆದರೆ ಅದು ದಾರ ಸುತ್ತಿಕೊಳ್ಳುವ ವೇಗ ಅಷ್ಟೇ, ಎಸೆತದ ದೂರ ಅದರಿಂದ ಬದಲಾಗುವುದಿಲ್ಲ.

ಎಸೆತ ಅಂದೆ, ಅದೂ ಒಂದು ಪ್ರಶ್ನೆ. ಕ್ಯಾಸ್ಟಿಂಗ್ ಅನ್ನುವುದಕ್ಕೆ 'ಎಸೆ' ಸಾಕಾ, 'ಬೀಸು' ಬೇಕಾ? ಕಲ್ಲನ್ನು ಎಸೆಯುತ್ತೇವೆ, ಕವಣೆ, ಚಾಟಿ, ಬಲೆಯನ್ನು ಬೀಸುತ್ತೇವೆ. ಬೀಸುಬಲೆ ಅನ್ನುವ ಪದ ನಮ್ಮ ಮೀನುಗಾರರಲ್ಲಿ ಹಿಂದಿನಿಂದಲೂ ಇದೆ. ನನ್ನ ಅಭಿಪ್ರಾಯದಲ್ಲಿ ಕೋಲನ್ನು ಬೀಸುವುದು, ಗಾಳವನ್ನು ಎಸೆಯುವುದು, ಎರಡೂ ಬೇಕು. 'ಬೀಸು ನಿಂತ ಮೇಲೂ ಎಸೆತ ನಡೆಯುತ್ತಿರುತ್ತದೆ' ಅಂತ ಬರೆದಾಗ ಸಿಕ್ಕು ಯಾಕಾಗುತ್ತದೆ ಅನ್ನುವುದು ಅರ್ಧ ತಿಳಿದ ಹಾಗೇ.

ತಿರುಗು ರೀಲಿನಲ್ಲಿ ಗಾಳದ ತೂಕ ದಾರವನ್ನು ಎಳೆದುಕೊಂಡು ಹೋಗುತ್ತದೆ, ದಾರ ಸ್ಪೂಲನ್ನು ತಿರುಗಿಸುತ್ತದೆ. ಬೀಸಿದ ಕೂಡಲೇ ಸ್ಪೂಲ್ ಒಮ್ಮೆಲೇ ವೇಗ ಹಿಡಿಯುತ್ತದೆ. ಗಾಳ ಗಾಳಿಯನ್ನು ಸೀಳಿ ಹೋಗುತ್ತಾ ನಿಧಾನವಾಗುತ್ತದೆ, ಸ್ಪೂಲ್ ಮಾತ್ರ ಹಳೇ ವೇಗದಲ್ಲೇ ತಿರುಗುತ್ತಿರುತ್ತದೆ. ಬಿಚ್ಚಿದ ದಾರಕ್ಕೆ ಹೋಗಲು ಜಾಗ ಇಲ್ಲ, ಅದು ಮೊದಲು ಸ್ಪೂಲಿನ ಮೇಲೆ ಸಡಿಲವಾಗಿ ಏಳುತ್ತದೆ, ಆಮೇಲೆ ಒಂದರೊಳಗೊಂದು ಹೊಕ್ಕು ಕಗ್ಗಂಟಾಗುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಬ್ಯಾಕ್‌ಲ್ಯಾಶ್ ಅಂತಾರೆ. ಒಬ್ಬರು 'ಹಿಂಬಡಿತ' ಅಂತ ಸೂಚಿಸಿದರು, ನನಗೆ ಒಪ್ಪಿಗೆಯಾಗಲಿಲ್ಲ, ಇಲ್ಲಿ ಏನೂ ಹಿಂದಕ್ಕೆ ಬಡಿಯುವುದಿಲ್ಲ. 'ಸಿಕ್ಕು' ಅನ್ನುವುದೇ ಸರಿ. ಆದರೆ ಅದಕ್ಕೂ ಮುಂಚಿನ ಹಂತಕ್ಕೆ, ದಾರ ಸಡಿಲವಾಗಿ ಎದ್ದು ನಿಲ್ಲುವ ಆ ಕ್ಷಣಕ್ಕೆ, ಬೇರೆ ಪದ ಬೇಕೇ ಬೇಕು. ಕಲಿಯುವವನು ನೋಡಬೇಕಾದದ್ದು ಅದನ್ನೇ. 'ಉಬ್ಬು' ಅಂತ ಬರೆದಿದ್ದೇನೆ: ದಾರ ಉಬ್ಬಿತು ಅಂದರೆ ಸ್ಪೂಲಿನ ಮೇಲೆ ಹೆಬ್ಬೆರಳು ಒತ್ತು, ಒತ್ತದಿದ್ದರೆ ಸಿಕ್ಕು. ಒಂದೇ ಅಡ್ಡಿ, ಮಾತಿನಲ್ಲಿ 'ಸಿಕ್ಕಾಯ್ತು', 'ಸಿಕ್ಕಿತು' ಎರಡೂ ಹತ್ತಿರ ಹತ್ತಿರ ಕೇಳುತ್ತವೆ, ಒಂದು ದಾರದ ಗೋಳು, ಇನ್ನೊಂದು ಮೀನು ಸಿಕ್ಕ ಸಂತೋಷ. ಬರಹದಲ್ಲಿ ತೊಂದರೆ ಆಗಲಾರದು ಅನಿಸುತ್ತದೆ.

ಈಗ ಆ ಮೂರು ಟೈಟುಗಳು. ನಾನು ಇಟ್ಟಿರುವ ಪದಗಳು ಅಚ್ಚಿನ ಬಿಗಿ, ಬ್ರೇಕು, ಜಗ್ಗು. ಯಾಕೆ ಅಂತ ವಿವರಿಸುತ್ತೇನೆ.

ತಿರುಗು ರೀಲಿನ ಹಿಡಿಯ ಬದಿಯಲ್ಲಿ ಒಂದು ಸಣ್ಣ ದುಂಡು ತಿರುಪು ಇರುತ್ತದೆ. ಅದು ಸ್ಪೂಲಿನ ಅಚ್ಚಿನ ತುದಿಯನ್ನು ಒತ್ತುತ್ತದೆ. ಸ್ಪೂಲ್ ಜೋರಾಗಿ ತಿರುಗಲಿ, ಮೆಲ್ಲಗೆ ತಿರುಗಲಿ, ಒತ್ತು ಒಂದೇ ಸಮ. ಹಾಗಾಗಿ ಇದರ ಪ್ರಭಾವ ಎದ್ದು ಕಾಣುವುದು ಎಸೆತದ ಕೊನೆಯಲ್ಲಿ, ವೇಗ ಕಡಿಮೆಯಾದಾಗ. ಗಾಡಿಯ ಅಚ್ಚು ಎಲ್ಲರಿಗೂ ಗೊತ್ತಿರುವ ಪದ, ಅದಕ್ಕೇ 'ಅಚ್ಚಿನ ಬಿಗಿ'. ಕೈಪಿಡಿಯಲ್ಲಿ ಹೀಗೆ ಬರೆದಿದ್ದೇನೆ: 'ಯಾವ ತೂಕ ಎಸೆಯುತ್ತೀರೋ ಅದನ್ನೇ ದಾರಕ್ಕೆ ಕಟ್ಟಿ. ಕೋಲನ್ನು ಓರೆಯಾಗಿ ಮೇಲೆತ್ತಿ ಹಿಡಿದು ಸ್ಪೂಲನ್ನು ಬಿಡಿಸುವ ಗುಂಡಿ ಒತ್ತಿ. ತೂಕ ನಿಧಾನವಾಗಿ ಇಳಿಯಬೇಕು, ನೆಲ ಮುಟ್ಟಿದ ಕೂಡಲೇ ಸ್ಪೂಲ್ ನಿಲ್ಲಬೇಕು. ಇನ್ನೂ ಸುತ್ತುತ್ತಿದ್ದರೆ ಅಚ್ಚಿನ ಬಿಗಿ ಹೆಚ್ಚಿಸಿ, ತೂಕ ಇಳಿಯದಿದ್ದರೆ ಸಡಿಲಿಸಿ.' ಕೈ ಪಳಗಿದವರು ಇದನ್ನು ತೀರಾ ಸಡಿಲ ಇಡುತ್ತಾರೆ, ಸ್ಪೂಲ್ ಪಕ್ಕಕ್ಕೆ ಲಟಪಟ ಅನ್ನದಷ್ಟು ಮಾತ್ರ ಬಿಗಿ. ಉಳಿದದ್ದನ್ನು ಬ್ರೇಕಿಗೂ ಹೆಬ್ಬೆರಳಿಗೂ ಬಿಡುತ್ತಾರೆ. ದೂರ ಬೇಕಾದವರಿಗೆ ಅದೇ ದಾರಿ.

ಎರಡನೆಯದು ಬ್ರೇಕು. ಸೈಕಲ್ ತುಳಿದ ಯಾರಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ, ಪದ ಹಾಗೇ ಇರಲಿ. ತೊಡಕು ಇರುವುದು ಅದರ ಬಗೆಗಳಲ್ಲಿ. ಒಂದರಲ್ಲಿ ಸ್ಪೂಲಿನ ಬದಿಗೆ ಸಣ್ಣ ಗಟ್ಟಿಗಳಿರುತ್ತವೆ. ಸ್ಪೂಲ್ ಜೋರಾಗಿ ತಿರುಗಿದಾಗ ಅವು ಹೊರಕ್ಕೆ ಸರಿದು ಸುತ್ತಲಿನ ಬಳೆಗೆ ಉಜ್ಜುತ್ತವೆ. ವೇಗ ಎರಡು ಪಟ್ಟಾದರೆ ಒತ್ತು ನಾಲ್ಕು ಪಟ್ಟು, ಹಾಗಾಗಿ ಎಸೆತದ ಆರಂಭದಲ್ಲೇ ಇದರ ಕೆಲಸ ಜಾಸ್ತಿ. ಶಾಲೆಯ ಪುಸ್ತಕದ 'ಕೇಂದ್ರಾಪಗಾಮಿ' ಅನ್ನು ಇಲ್ಲಿ ಹಾಕಲು ಮನಸ್ಸಿಲ್ಲ. 'ಉಜ್ಜುಬ್ರೇಕು' ಅಂತ ಇಟ್ಟಿದ್ದೇನೆ. ಇನ್ನೊಂದರಲ್ಲಿ ಮ್ಯಾಗ್ನೆಟ್ ಇರುತ್ತದೆ. 'ಸೂಜಿಗಲ್ಲಿನ ಬ್ರೇಕು' ಅಂತ ಬರೆಯಲು ಆಸೆ, ಚಂದದ ಹಳೇ ಪದ. ಆದರೆ ಓದುಗ ಸೂಜಿಗಲ್ಲು ಸ್ಪೂಲನ್ನು ಹಿಡಿದು ಎಳೆಯುತ್ತದೆ ಅಂದುಕೊಳ್ಳಬಹುದು. ಸ್ಪೂಲ್ ಅಲ್ಯುಮಿನಿಯಂ, ಮ್ಯಾಗ್ನೆಟ್ಟಿಗೆ ಅಂಟುವುದೇ ಇಲ್ಲ. ಅದು ಮ್ಯಾಗ್ನೆಟ್ಟಿನ ಎದುರು ತಿರುಗಿದಾಗ ಲೋಹದೊಳಗೆ ಸಣ್ಣ ಕರೆಂಟು ಹುಟ್ಟಿ ತಿರುಗುವಿಕೆಯನ್ನು ತಡೆಯುತ್ತದೆ, ಒಂದಕ್ಕೊಂದು ತಾಗುವುದಿಲ್ಲ. ಅದಕ್ಕೆ 'ಮುಟ್ಟದ ಬ್ರೇಕು' ಅಂದರೆ ಅತಿಯಾಯಿತಾ? ಉಜ್ಜುಬ್ರೇಕು, ಮುಟ್ಟದ ಬ್ರೇಕು ಅಂತ ಜೋಡಿಯಾಗಿ ಹೇಳಿದರೆ ನೆನಪಿನಲ್ಲಿ ಉಳಿಯುತ್ತದೆ ಅಂತ ನನ್ನ ಲೆಕ್ಕ. ಹದ ಮಾಡುವ ಕ್ರಮ ಎರಡಕ್ಕೂ ಒಂದೇ: ಮೊದಲು ಜಾಸ್ತಿ ಇಟ್ಟು ಎಸೆಯಿರಿ, ಒಂದೊಂದೇ ಮೆಟ್ಟಿಲು ಇಳಿಸುತ್ತಾ ಬನ್ನಿ, ದಾರ ಉಬ್ಬಲು ಶುರುವಾದರೆ ಒಂದು ಮೆಟ್ಟಿಲು ಹಿಂದಕ್ಕೆ ಹೋಗಿ. ಎದುರು ಗಾಳಿ ಇದ್ದರೆ ಹೆಚ್ಚಿಸಿ.

ಮೂರನೆಯದು ಇಂಗ್ಲಿಷಿನ ಡ್ರ್ಯಾಗ್. ಮೀನು ಎಳೆದಾಗ ಎಷ್ಟು ಬಲಕ್ಕೆ ದಾರ ಬಿಟ್ಟುಕೊಡಬೇಕು ಅಂತ ನಿಗದಿ ಮಾಡುವ ಭಾಗ, ಮೊದಲು ಹೇಳಿದ ನಕ್ಷತ್ರದ ಚಕ್ರ ಇದರದ್ದೇ. ಎಸೆಯಲು ಗುಂಡಿ ಒತ್ತಿದ ಕೂಡಲೇ ಸ್ಪೂಲಿಗೂ ಇದಕ್ಕೂ ಸಂಬಂಧ ಕಡಿದುಹೋಗುತ್ತದೆ. 'ಎಳೆತ' ಅಂದರೆ ಮೀನಿನ ಎಳೆತವೋ ರೀಲಿನದ್ದೋ ತಿಳಿಯದು. 'ಜಗ್ಗು' ನನಗೆ ಇಷ್ಟ: ಮೀನು ಜಗ್ಗಿದಾಗ ಕೆಲಸ ಮಾಡುವುದು ಜಗ್ಗು. ದಾರ ತಡೆಯುವ ಭಾರದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟಕ್ಕೆ ಜಗ್ಗು ಇಡುವುದು ರೂಢಿ, ಅಂದರೆ 10 ಕಿಲೋ ದಾರಕ್ಕೆ ಎರಡೂವರೆಯಿಂದ ಮೂರೂ ಚಿಲ್ಲರೆ ಕಿಲೋ, ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದು ನೋಡಬಹುದು. ಕಂಡಿಕೆ ರೀಲಿನಲ್ಲಿ ಮಾತ್ರ ಒಂದು ಎಚ್ಚರ ಬೇಕು. ಅದರಲ್ಲಿ ಜಗ್ಗು ತೀರಾ ಸಡಿಲವಿದ್ದು ಭಾರದ ಗಾಳ ಬೀಸಿದರೆ ಸ್ಪೂಲ್ ಜಾರಿ ದಾರ ಬೆರಳನ್ನು ಕೊಯ್ಯುತ್ತದೆ.

ಮೂರು ಪದ ಇದ್ದರೆ ಕಲ್ಲಿನ ಮೇಲೆ ನಿಂತವನಿಗೆ ಹೀಗೆ ಕೂಗಿ ಹೇಳಬಹುದು: 'ಅಚ್ಚಿನ ಬಿಗಿ ಸ್ವಲ್ಪ ಸಡಿಲ ಮಾಡು, ಬ್ರೇಕು ಒಂದು ಮೆಟ್ಟಿಲು ಏರಿಸು, ಜಗ್ಗು ಮುಟ್ಟಬೇಡ.' ಬಾಯಿಗೆ ಸಲೀಸಾಗಿ ಬರುತ್ತದೆ, ಅಲ್ವಾ?

ಕಂಡಿಕೆ ರೀಲಿಗೆ ಅಚ್ಚಿನ ಬಿಗಿಯೂ ಇಲ್ಲ, ಬ್ರೇಕೂ ಇಲ್ಲ. ಅಲ್ಲಿ ಎಸೆತದ ದೂರ ನಿಂತಿರುವುದು ದಾರ ಎಷ್ಟು ತುಂಬಿದೆ ಅನ್ನುವುದರ ಮೇಲೆ. ಅಂಚಿನಿಂದ ಒಂದೂವರೆ, ಎರಡು ಮಿಲಿಮೀಟರ್ ಕೆಳಗಿನವರೆಗೆ ತುಂಬಬೇಕು. ಕಡಿಮೆಯಾದರೆ ದಾರ ಅಂಚಿಗೆ ಉಜ್ಜಿ ಎಸೆತ ಕುಗ್ಗುತ್ತದೆ, ಅಂಚಿನವರೆಗೂ ತುಂಬಿದರೆ ಸುರುಳಿಗಳು ಒಟ್ಟಿಗೆ ಜಾರಿ ಗಂಟಾಗುತ್ತವೆ. ಇಲ್ಲಿ ದಾರ ತನ್ನ ಸುತ್ತ ತಾನೇ ತಿರುಚಿಕೊಳ್ಳುವ ಕಾಟವೂ ಉಂಟು. ಅದಕ್ಕೆ 'ಹುರಿ' ಅಂತ ಬರೆದಿದ್ದೇನೆ, ಆದರೆ ಹಗ್ಗ ಹೊಸೆಯುವವರಿಗೆ ಹುರಿ ಒಳ್ಳೆಯದು, ಇಲ್ಲಿ ಕೆಟ್ಟದ್ದು. 'ಬೇಡದ ಹುರಿ' ಅನ್ನಲೋ, 'ತಿರುಚು' ಅನ್ನಲೋ?

ಆರಿಸುವ ವಿಷಯ ಚುಟುಕಾಗಿ ಇಟ್ಟಿದ್ದೇನೆ. ಹತ್ತು ಗ್ರಾಂಗಿಂತ ಹಗುರ ಎಸೆಯುವವರಿಗೆ, ಹೊಸಬರಿಗೆ ಕಂಡಿಕೆ ರೀಲು. ಭಾರದ ಗಾಳ, ದಪ್ಪ ದಾರದವರಿಗೆ ತಿರುಗು ರೀಲು. ಕಾವೇರಿಯಲ್ಲಿ ಭೀಮೇಶ್ವರಿ, ಗಾಲಿಬೋರೆ ಕಡೆ ಬಿಳಿ ಮೀನಿಗೆ (ಮಹಶೀರ್) ರಾಗಿ ಹಿಟ್ಟಿನ ಉಂಡೆ ಎಸೆಯುತ್ತಿದ್ದ ಕಾಲದಲ್ಲಿ ದೊಡ್ಡ ತಿರುಗು ರೀಲುಗಳೇ ಓಡಾಡಿದ್ದು. ಆ ಮೀನು ಈಗ ಅಳಿವಿನ ಅಂಚಿನಲ್ಲಿದೆ, ಅದನ್ನು ಹಿಡಿಯುವ ಮಾತು ಕೈಪಿಡಿಯಲ್ಲಿ ಇರುವುದಿಲ್ಲ. ಆದರೆ ಅಲ್ಲಿ ಗೈಡ್‌ಗಳಾಗಿದ್ದ ನದಿ ದಂಡೆಯ ಜನ ಈ ಭಾಗಗಳಿಗೆ ತಮ್ಮದೇ ಹೆಸರು ಕೊಟ್ಟಿದ್ದರೆ ಅವು ಬೇಕು. ಆ ಕಡೆಯವರು ಯಾರಾದರೂ ಇದ್ದರೆ ಕೇಳಿ ತಿಳಿಸಿ, ಅಂಥ ಒಂದು ಪದ ಸಿಕ್ಕರೂ ನನ್ನದನ್ನು ತೆಗೆದುಹಾಕಿ ಅದನ್ನೇ ಹಾಕುತ್ತೇನೆ.

ಕೊನೆಯದಾಗಿ ಎಣ್ಣೆ. ಸ್ಪೂಲಿನ ಬೇರಿಂಗಿಗೆ ತೆಳು ಎಣ್ಣೆ ಒಂದೇ ತೊಟ್ಟು, ಒಳಗಿನ ಹಲ್ಲುಚಕ್ರಕ್ಕೆ ಗ್ರೀಸು. ಬೇರಿಂಗಿಗೆ ಗ್ರೀಸು ಹಾಕಿದರೆ ಎಸೆತ ಸತ್ತುಹೋಗುತ್ತದೆ. ಗ್ರೀಸಿಗೆ 'ಕೀಲೆಣ್ಣೆ' ಅಂತ ಬರೆಯುವ ಆಸೆ ಇದೆ, ಆದರೆ ಅದರಲ್ಲೂ 'ಎಣ್ಣೆ' ಇರುವುದರಿಂದ ಯಾರಾದರೂ ಅದನ್ನೇ ಬೇರಿಂಗಿಗೆ ಬಿಟ್ಟಾರು ಅಂತ ಹೆದರಿಕೆ. ನಿಮ್ಮ ಕಡೆ ಕೀಲೆಣ್ಣೆ ಅಂದರೆ ಗಟ್ಟಿಯದ್ದೋ, ತೆಳುವಾದದ್ದೋ?