ಪಾರ್ಶ್ವ ಚಂದ್ರಗ್ರಹಣ ಹದಿನೆಂಟು ವರ್ಷಕ್ಕೊಮ್ಮೆ ಮರಳುತ್ತದೆಯೇ?

ಪ್ರಶ್ನೆ (ಡೊಂಬಿವಲಿ): 2023ರ ಅಕ್ಟೋಬರ್ 28ರ ಕೋಜಾಗಿರಿ (ಶರದ್ ಹುಣ್ಣಿಮೆ) ರಾತ್ರಿ, ಒಂದು ಗಂಟೆ ದಾಟಿದ ಮೇಲೆ, ನಮ್ಮ ಕಟ್ಟಡದ ಟೆರೇಸಿನಿಂದ ಚಂದ್ರನ ಅಂಚು ಸ್ವಲ್ಪವೇ ಮಸುಕಾದುದನ್ನು ಮಕ್ಕಳಿಗೆ ತೋರಿಸಿದೆ. ಇದೇ ಗ್ರಹಣ ಹದಿನೆಂಟು ವರ್ಷಗಳ ನಂತರ ಮರಳುವುದೆಂದು ಕೇಳಿದ್ದೇನೆ. ಆಗಲೂ ಅದು ಮುಂಬಯಿಗೆ ಕಾಣುವುದೇ?

ಉತ್ತರ 1 (ಪುಣೆ): ಮರಳುತ್ತದೆ, ಆದರೆ ಕಾಣುವುದಿಲ್ಲ. 223 ಚಾಂದ್ರಮಾಸಗಳು ಸೇರಿದರೆ ಸುಮಾರು 6585.32 ದಿನಗಳಾಗುತ್ತವೆ, ಚಂದ್ರನು ರಾಹುವಿನಿಂದ (ಆಕಾಶದಲ್ಲಿ ಚಂದ್ರನ ಪಥ ಸೂರ್ಯನ ಪಥವನ್ನು ದಾಟುವ ಬಿಂದು) ಹೊರಟು ಮತ್ತೆ ರಾಹುವಿಗೆ ಬರುವ 242 ಸುತ್ತುಗಳಿಗೂ ಬಹುಮಟ್ಟಿಗೆ ಅಷ್ಟೇ ಕಾಲ ಬೇಕಾಗುವುದರಿಂದ, 18 ವರ್ಷ 11 ದಿನಗಳ ಬಳಿಕ ಸೂರ್ಯ, ಭೂಮಿ, ಚಂದ್ರರು ಹೆಚ್ಚುಕಡಿಮೆ ಮೊದಲಿನ ಸ್ಥಾನಗಳಿಗೇ ಬರುತ್ತಾರೆ. ಇದನ್ನು ಸಾರೋಸ್ ಚಕ್ರವೆನ್ನುತ್ತಾರೆ. ಉಳಿಯುವ ದಿನದ ಮೂರನೆಯ ಒಂದು ಭಾಗ, ಅಂದರೆ ಎಂಟು ಗಂಟೆ, ಬಹಳ ಮುಖ್ಯ: ಅಷ್ಟರಲ್ಲಿ ಭೂಮಿ 120 ಡಿಗ್ರಿ ಹೆಚ್ಚು ತಿರುಗಿರುತ್ತದೆ. 2041ರ ನವೆಂಬರ್ 8ರಂದು ಈ ಗ್ರಹಣ ಸಂಭವಿಸುವಾಗ ನಮಗೆ ಬೆಳಗಿನ ಹತ್ತು ಗಂಟೆ.

ಉತ್ತರ 2 (ಮಡಗಾಂವ್): ಇದರ ಹಿಂದಿನದು 2005ರ ಅಕ್ಟೋಬರ್ 17ರಂದು ನಡೆಯಿತು, ಇಲ್ಲಿ ಚಂದ್ರೋದಯಕ್ಕೆ ಮೊದಲೇ ಭಾಗಶಃ ಹಂತ ಮುಗಿದಿತ್ತು. ನನಗೆ ಅತ್ಯಂತ ಸುಂದರವಾಗಿ ತೋರುವುದು ಗ್ರಹಣದ ನಿಧಾನವಾದ ಬೆಳವಣಿಗೆ: ಭೂಮಿಯ ದಟ್ಟ ನೆರಳು 2005ರಲ್ಲಿ ಚಂದ್ರನ ವ್ಯಾಸದ ಸುಮಾರು ಶೇ. 6ರಷ್ಟನ್ನು, 2023ರಲ್ಲಿ ಶೇ. 12ರಷ್ಟನ್ನು ಮುಚ್ಚಿತು, 2041ರಲ್ಲಿ ಶೇ. 17ರಷ್ಟನ್ನು ಮುಚ್ಚಲಿದೆ.

ಉತ್ತರ 3 (ಡೊಂಬಿವಲಿ): ಧನ್ಯವಾದಗಳು. ಹಾಗಾದರೆ ಮೂರು ಚಕ್ರಗಳು ಕಳೆದಾಗ ಎಂಟೆಂಟು ಗಂಟೆಗಳು ಸೇರಿ ಒಂದು ದಿನವಾಗಿ, 2077ರ ನವೆಂಬರ್ ಕೊನೆಯಲ್ಲಿ ಅದು ಮತ್ತೆ ನಮ್ಮ ರಾತ್ರಿಯ ಆಕಾಶಕ್ಕೆ ಬರಬೇಕಲ್ಲವೇ?

ಉತ್ತರ 4 (ಪುಣೆ): ಹೌದು. ಮಕ್ಕಳಿಗೆ ಆ ವರ್ಷವನ್ನು ಈಗಲೇ ಬರೆದುಕೊಡಿ.