ಅತ್ತೆ-ಮಾವನಿಗೆ ಸ್ಮೋಕಿ ಬೆಟ್ಟದ ಬಣ್ಣ ತೋರಿಸಬೇಕು, ಯಾವಾಗ ಹೊರಡೋಣ?

ಪ್ರಶ್ನೆ: ನಮಸ್ಕಾರ ಸರ್. ನಾವಿರುವುದು ಅಮೆರಿಕದ ನಾರ್ತ್ ಕ್ಯಾರೊಲೈನಾದ ಶಾರ್ಲೆಟ್‌ನಲ್ಲಿ. ಶಿಡ್ಲಘಟ್ಟದಿಂದ ಅತ್ತೆ-ಮಾವ ಬಂದಿದ್ದಾರೆ, ನವೆಂಬರ್ ಎರಡನೇ ವಾರ ವಾಪಸ್ ಹೋಗುತ್ತಾರೆ. ಅಷ್ಟರೊಳಗೆ ಗ್ರೇಟ್ ಸ್ಮೋಕಿ ಮೌಂಟನ್ಸ್‌ಗೆ ಮೂರು ದಿನ ಕರೆದುಕೊಂಡು ಹೋಗಿ ಫಾಲ್ ಕಲರ್ಸ್, ಅಂದರೆ ಎಲೆ ಉದುರುವ ಮುಂಚಿನ ಕೆಂಪು-ಹಳದಿ ಬಣ್ಣ ತೋರಿಸುವ ಆಸೆ. ಮಾವನಿಗೆ ಮಂಡಿನೋವು. ಅತ್ತೆಗೆ ಘಟ್ಟದ ರಸ್ತೆ ಅಂದರೆ ತಲೆ ಸುತ್ತು. ಹೋದ ವರ್ಷ ನಾವಿಬ್ಬರೇ ಅಕ್ಟೋಬರ್‌ನ ಒಂದು ಶನಿವಾರ ಅಲ್ಲಿನ ಕೇಡ್ಸ್ ಕೋವ್ ಕಣಿವೆಗೆ ಹೋಗಿ ನಾಲ್ಕು ಗಂಟೆ ಕಾರಿನಲ್ಲೇ ಕೂತು ಬಂದೆವು. ಇವರಿಗೆ ಹಾಗಾಗಬಾರದು. ಬಣ್ಣದ ಪೀಕ್ ಯಾವ ತಾರೀಕಿಗೆ ಬರುತ್ತದೆ?

ಉತ್ತರ (ಟ್ರಾವೆಲ್ ಪ್ಲಾನರ್): ನಮಸ್ಕಾರ. ತಾರೀಕು ಹುಡುಕುವುದನ್ನು ಮೊದಲು ಬಿಟ್ಟುಬಿಡಿ. ಅಲ್ಲಿ ಬಣ್ಣ ಬೆಟ್ಟದ ತುದಿಯಿಂದ ಕೆಳಕ್ಕೆ ಇಳಿಯುತ್ತಾ ಬರುತ್ತದೆ. 4,000 ಅಡಿಗಿಂತ ಮೇಲಿರುವ ಬರ್ಚ್, ಬೀಚ್ ಮರಗಳು ಸೆಪ್ಟೆಂಬರ್ ಕೊನೆಯಿಂದಲೇ ಹಳದಿಗೆ ತಿರುಗುತ್ತವೆ. ಕೆಳಗಿನ ಮೇಪಲ್, ಹಿಕರಿ, ಓಕ್‌ಗಳ ಸರದಿ ಬರುವುದು ಅಕ್ಟೋಬರ್ ಕೊನೆಗೆ, ನವೆಂಬರ್ ಶುರುವಿಗೆ. ಹಾಗಾಗಿ ನೀವು ಅಕ್ಟೋಬರ್ 20ರ ನಂತರ ಯಾವಾಗ ಹೋದರೂ ಯಾವುದೋ ಒಂದು ಎತ್ತರದಲ್ಲಿ ಬಣ್ಣ ಸಿಗುತ್ತದೆ. ತಾರೀಕಿಗಿಂತ ವಾರದ ಯಾವ ದಿನ ಅನ್ನುವುದು ಮುಖ್ಯ. ಮಂಗಳವಾರದಿಂದ ಗುರುವಾರ ಇಟ್ಟುಕೊಳ್ಳಿ. ಶನಿವಾರ, ಭಾನುವಾರ ಖಂಡಿತ ಬೇಡ. ಅಮೆರಿಕದಲ್ಲಿ ಅತಿ ಹೆಚ್ಚು ಜನ ಹೋಗುವ ರಾಷ್ಟ್ರೀಯ ಉದ್ಯಾನ ಇದು. ಅಕ್ಟೋಬರ್ ಅಂತೂ ಜಾತ್ರೆ.

ಬೆಟ್ಟದ ಆಚೆ ಬದಿಯ ಗ್ಯಾಟ್ಲಿನ್‌ಬರ್ಗ್ ಊರಿನ ಕಡೆ ಉಳಿಯಬೇಡಿ. ನಿಮಗೆ ಈಚೆ ಬದಿಯ ಚೆರೋಕೀ ಅಥವಾ ಬ್ರೈಸನ್ ಸಿಟಿ ಊರುಗಳು ಹತ್ತಿರ, ಗದ್ದಲವೂ ಕಡಿಮೆ. ಮೊದಲ ದಿನ ಬೆಟ್ಟ ಹತ್ತಲೇಬೇಡಿ. ಚೆರೋಕೀ ಪಕ್ಕದ ಒಕೊನಲಫ್ಟಿಯಲ್ಲಿ ಹೊಳೆಯ ದಂಡೆಗೆ, ಉದ್ಯಾನದ ಬೇರೆ ಬೇರೆ ಕಡೆಯ ಹಳೇ ಕಟ್ಟಡಗಳನ್ನು ತಂದು ಹಳೇ ಕಾಲದ ಒಂದು ಹೊಲಮನೆಯಂತೆ ಜೋಡಿಸಿದ್ದಾರೆ. ಮರದ ದಿಮ್ಮಿಯ ಮನೆ, ಕೊಟ್ಟಿಗೆ, ಮುಸುಕಿನ ಜೋಳದ ಕಣಜ, ಕುಲುಮೆ ಎಲ್ಲ ಇವೆ. ನೆಲ ಸಮತಟ್ಟು, ಮಂಡಿನೋವಿನವರೂ ನಿಧಾನಕ್ಕೆ ಓಡಾಡಬಹುದು. ಸಂಜೆ ಹೊತ್ತು ಅಲ್ಲಿನ ಬಯಲಿಗೆ ಎಲ್ಕ್ ಎಂಬ ದೊಡ್ಡ ಜಿಂಕೆಗಳು ಮೇಯಲು ಬರುತ್ತವೆ. ಬೇಟೆಗೆ ಸಿಕ್ಕಿ ಇಲ್ಲಿ ಪೂರ್ತಿ ಅಳಿದುಹೋಗಿದ್ದ ಈ ಪ್ರಾಣಿಯನ್ನು 2001ರಲ್ಲಿ ಹೊರಗಿನಿಂದ ತಂದು ಮತ್ತೆ ಬಿಟ್ಟರು. ಫೋಟೋಕ್ಕೆ ಅಂತ ಹತ್ತಿರ ಹೋಗಬೇಡಿ, 50 ಗಜ ದೂರ ಇರಬೇಕು ಅನ್ನುವುದು ನಿಯಮ. ಕರಡಿಗೂ ಅಷ್ಟೇ.

ಎರಡನೇ ದಿನ ಬೆಳಿಗ್ಗೆ ಎಂಟರೊಳಗೆ ಹೊರಟು, ರಸ್ತೆ ಬೆಟ್ಟಸಾಲನ್ನು ದಾಟುವ ಜಾಗವಾದ ನ್ಯೂಫೌಂಡ್ ಗ್ಯಾಪ್‌ಗೆ ಹತ್ತಿ. 5,046 ಅಡಿ ಎತ್ತರ. ಈ ರಸ್ತೆಯೇ ನಿಮ್ಮ ಪ್ರವಾಸದ ಜೀವ. ಕೆಳಗಿನ ಕೆಂಪು, ನಡುವಿನ ಹಳದಿ, ತುದಿಯ ಕಡುಹಸಿರು ಸ್ಪ್ರೂಸ್ ಮರಗಳು ಎಲ್ಲ ಒಂದೇ ದಾರಿಯಲ್ಲಿ ಸಿಗುತ್ತವೆ. ಅತ್ತೆಯವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ. ಹೊಟ್ಟೆ ತುಂಬ ತಿಂದು ಹತ್ತುವುದು ಬೇಡ. ನಿಲ್ಲಿಸಿ ನೋಡುವ ಜಾಗಗಳು ದಾರಿಯುದ್ದಕ್ಕೂ ಇವೆ, ಎಲ್ಲ ಕಡೆ ನಿಲ್ಲಿಸಿ.

ಮೂರನೇ ದಿನ ಬ್ರೈಸನ್ ಸಿಟಿಯಿಂದ ನಂಟಹೇಲಾ ಕಣಿವೆಗೆ ಹೋಗುವ ರೈಲು. ಹೋಗಿ ಬರಲು ಸುಮಾರು ನಾಲ್ಕೂವರೆ ಗಂಟೆ, ಕೂತಲ್ಲೇ ಎಲ್ಲ ಕಾಣುತ್ತದೆ. ಟಿಕೆಟ್ ಬೇಗ ಖಾಲಿಯಾಗುತ್ತದೆ, ಇವತ್ತೇ ನೋಡಿ.

ಉದ್ಯಾನಕ್ಕೆ ಪ್ರವೇಶ ಶುಲ್ಕ ಇಲ್ಲ. ಆದರೆ 15 ನಿಮಿಷಕ್ಕಿಂತ ಹೆಚ್ಚು ಹೊತ್ತು ಕಾರು ನಿಲ್ಲಿಸಿದರೆ ಪಾರ್ಕಿಂಗ್ ಟ್ಯಾಗ್ ಬೇಕು. ದಿನಕ್ಕೆ 5 ಡಾಲರ್, ವಾರಕ್ಕೆ 15. ಒಳಗೆ ಪೆಟ್ರೋಲ್ ಬಂಕ್ ಇಲ್ಲ, ಫೋನ್ ಸಿಗ್ನಲ್ ಸಿಗುವುದೇ ಅಪರೂಪ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಸರ್. ಇಬ್ಬರೂ ಮಾಂಸ ಮುಟ್ಟುವುದಿಲ್ಲ, ಊಟಕ್ಕೆ ಏನು ಮಾಡುವುದು? ಇನ್ನೊಂದು ವಿಷಯ. ಮಾವ ರೇಷ್ಮೆ ಬೆಳೆಗಾರರು. ನಮ್ಮ ಬೀದಿಯ ಮೇಪಲ್ ನೋಡಿ, ಎಲೆ ಯಾಕೆ ಕೆಂಪಾಗುತ್ತದೆ ಅಂತ ದಿನಾ ಕೇಳುತ್ತಾರೆ. ನನಗೆ ಸರಿಯಾಗಿ ಹೇಳೋಕೆ ಬರಲ್ಲ.

ಉತ್ತರ: ಹೋಟೆಲ್ ಬದಲು ಅಡುಗೆಮನೆ ಇರುವ ಕ್ಯಾಬಿನ್ ತೆಗೆದುಕೊಳ್ಳಿ. ಕುಕ್ಕರ್, ರಾಗಿಹಿಟ್ಟು, ಪುಳಿಯೋಗರೆ ಗೊಜ್ಜು ಜೊತೆಗಿದ್ದರೆ ಚಿಂತೆಯಿಲ್ಲ. ಆದರೆ ಬುಕ್ ಮಾಡುವ ಮೊದಲು ಎಷ್ಟು ಮೆಟ್ಟಿಲಿದೆ ಅಂತ ಕೇಳಿ. ಬೆಟ್ಟದ ಕ್ಯಾಬಿನ್‌ಗಳಲ್ಲಿ ಮಲಗುವ ಕೋಣೆ ಮಹಡಿ ಮೇಲೆ ಇರುವುದೇ ಜಾಸ್ತಿ.

ಮಾವನವರಿಗೆ ಹೀಗೆ ಹೇಳಿ. ಹಗಲು ಕಡಿಮೆಯಾದಂತೆ ಮರ ಎಲೆಗೆ ಹಸಿರು ಕೊಡುವುದನ್ನು ನಿಲ್ಲಿಸುತ್ತದೆ. ಹಳದಿ ಮೊದಲಿನಿಂದಲೂ ಎಲೆಯೊಳಗೇ ಇರುತ್ತದೆ, ಹಸಿರು ಹೋದ ಮೇಲೆ ಕಾಣುತ್ತದೆ ಅಷ್ಟೇ. ಕೆಂಪು ಮಾತ್ರ ಎಲೆಯಲ್ಲಿ ಉಳಿದ ಸಕ್ಕರೆಯಿಂದ ಆಗ ಹೊಸದಾಗಿ ಆಗುವುದು. ಹಗಲು ಒಳ್ಳೇ ಬಿಸಿಲು, ರಾತ್ರಿ ಹಿತವಾದ ಚಳಿ ಇದ್ದರೆ ಕೆಂಪು ಚೆನ್ನಾಗಿ ಏರುತ್ತದೆ.

ಅವರು ರೇಷ್ಮೆ ಬೆಳೆಗಾರರು ಅಂದಿರಲ್ಲ, ಓದಿ ಬಹಳ ಖುಷಿಯಾಯಿತು. ನ್ಯೂಫೌಂಡ್ ಗ್ಯಾಪ್‌ನಿಂದ ಇನ್ನೂ 7 ಮೈಲಿ ಹೋದರೆ ಉದ್ಯಾನದ ಅತಿ ಎತ್ತರದ ಶಿಖರ, 6,643 ಅಡಿ. ಮೊದಲು ಕ್ಲಿಂಗ್‌ಮನ್ಸ್ ಡೋಮ್ ಅನ್ನುತ್ತಿದ್ದರು. ಇಲ್ಲಿನ ಮೂಲನಿವಾಸಿಗಳಾದ ಚೆರೋಕೀ ಜನರ ಕೋರಿಕೆಯ ಮೇಲೆ 2024ರ ಸೆಪ್ಟೆಂಬರ್‌ನಲ್ಲಿ ಅವರದೇ ಹಳೆಯ ಹೆಸರು ವಾಪಸ್ ಬಂತು: ಕುವೋಹಿ. ಹಿಪ್ಪುನೇರಳೆ ಇರುವ ಜಾಗ ಅಂತ ಅರ್ಥ. ಮಾವನವರನ್ನು ಅಲ್ಲಿಗೆ ಕರೆದುಕೊಂಡು ಹೋಗಲೇಬೇಕು. ತುದಿಯ ವೀಕ್ಷಣಾ ಗೋಪುರದವರೆಗಿನ ದಾರಿ ಅರ್ಧ ಮೈಲಿ, ಡಾಂಬರು ಇದೆ, ಆದರೆ ಬಹಳ ಕಡಿದು. ಅವರ ಮಂಡಿಗೆ ಬೇಡ. ಕಾರು ನಿಲ್ಲಿಸುವ ಜಾಗದಿಂದಲೇ ಸಾಲು ಸಾಲು ಬೆಟ್ಟ ಕಾಣುತ್ತದೆ. ಸ್ವೆಟರ್, ಮಂಕಿ ಟೋಪಿ ಮರೆಯಬೇಡಿ, ಕೆಳಗಿಗಿಂತ ಹತ್ತಿಪ್ಪತ್ತು ಡಿಗ್ರಿ ಫ್ಯಾರನ್‌ಹೀಟ್ ತಣ್ಣಗಿರುತ್ತದೆ.

ಇನ್ನೊಬ್ಬ ಸದಸ್ಯರು: ಸರ್, ನಾವು ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಹೋಗೋಣ ಅಂತಿದ್ದೇವೆ. ಬಣ್ಣ ಇರುತ್ತಾ? ಬೆಟ್ಟಗಳ ಮೇಲೆ ಸಾಗುವ ಬ್ಲೂ ರಿಡ್ಜ್ ಪಾರ್ಕ್‌ವೇ ರಸ್ತೆಯಲ್ಲಿ ಹೋಗಬಹುದಾ?

ಉತ್ತರ: ಅಷ್ಟು ಹೊತ್ತಿಗೆ ಎಲೆ ಉದುರಿರುತ್ತದೆ, ಬಣ್ಣಕ್ಕೆ ಅಂತ ಹೋಗಬೇಡಿ. ಪಾರ್ಕ್‌ವೇ 469 ಮೈಲಿ ಉದ್ದ. 2024ರ ಹೆಲೀನ್ ಚಂಡಮಾರುತದಲ್ಲಿ ಹಲವು ಕಡೆ ಭೂಕುಸಿತವಾಗಿ ರಸ್ತೆ ಕಿತ್ತುಹೋಗಿತ್ತು. ಚಳಿಗಾಲದಲ್ಲಿ ಮಂಜು ಕಟ್ಟಿದರೂ ಗೇಟ್ ಹಾಕುತ್ತಾರೆ. ಹೊರಡುವ ದಿನ ಬೆಳಿಗ್ಗೆ ನ್ಯಾಷನಲ್ ಪಾರ್ಕ್ ಸರ್ವಿಸ್ ವೆಬ್‌ಸೈಟ್‌ನಲ್ಲಿ ಯಾವ ಭಾಗ ತೆರೆದಿದೆ ಅಂತ ನೋಡಿಕೊಂಡೇ ಹೊರಡಿ.

ಪ್ರಶ್ನೆ ಕೇಳಿದವರು: ಕುವೋಹಿ ವಿಷಯ ಮಾವನಿಗೆ ಹೇಳಿದೆ ಸರ್. ಅಲ್ಲಿ ಈಗಲೂ ಹಿಪ್ಪುನೇರಳೆ ಮರ ಇದೆಯಾ ಅಂತ ಕೇಳುತ್ತಿದ್ದಾರೆ.

ಉತ್ತರ: ತುದಿಯಲ್ಲಿ ಬರೀ ಸ್ಪ್ರೂಸ್, ಫರ್ ಮರಗಳ ಕಾಡು. ಆದರೆ ಕೆಂಪು ಹಿಪ್ಪುನೇರಳೆ ಈ ನಾಡಿನದೇ ಮರ, ಕೆಳಗಿನ ಕಣಿವೆಗಳಲ್ಲಿ ಬೆಳೆಯುತ್ತದೆ. ಒಕೊನಲಫ್ಟಿಯ ಮಾಹಿತಿ ಕೇಂದ್ರದಲ್ಲಿ ರೇಂಜರ್ ಇರುತ್ತಾರೆ, ಹತ್ತಿರದಲ್ಲಿ ಎಲ್ಲಿದೆ ಅಂತ ಅವರನ್ನು ಕೇಳಿ. ಎಲೆ ನೋಡಿದರೆ ಮಾವನವರೇ ಗುರುತು ಹಿಡಿಯುತ್ತಾರೆ.