ಪದಚರ್ಚೆ: ಕಾರಿನ ಗ್ಲಾಸು ‘ಜಾಮ್’ ಆದರೆ ನಿಮ್ಮ ಕಡೆ ಏನಂತೀರಿ?

ಗೆಳೆಯರೇ,

ಹಳೆ ಕಾರಿನ ಪವರ್ ವಿಂಡೋ, ಅಂದರೆ ಸ್ವಿಚ್ ಒತ್ತಿ ಏರಿಸಿ ಇಳಿಸುವ ಕಿಟಕಿ ಗ್ಲಾಸಿನ ರಿಪೇರಿ ಬಗ್ಗೆ ಕನ್ನಡದಲ್ಲಿ ಒಂದು ಪುಟದ ಟಿಪ್ಪಣಿ ಬರೆಯುತ್ತಿದ್ದೇನೆ. ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಕುಂಬಳೆ, ಮುಳ್ಳೇರಿಯ ಕಡೆ ಹದಿನೈದು ವರ್ಷ ದಾಟಿದ ಕಾರನ್ನು ಇನ್ನೂ ಚೆನ್ನಾಗಿ ಓಡಿಸುವವರು ಬೇಕಾದಷ್ಟು ಜನ ಇದ್ದಾರೆ. ಮಳೆಗಾಲ ಶುರುವಾಯಿತು ಅಂದರೆ ಅರ್ಧಕ್ಕೆ ನಿಂತ ಗ್ಲಾಸಿನದೇ ಸುದ್ದಿ. ಗ್ಯಾರೇಜಿಗೆ ಹೋಗುವ ಮೊದಲು ಅವರು ಮನೆಯಲ್ಲೇ ಒಮ್ಮೆ ನೋಡಿಕೊಳ್ಳಲಿ ಅಂತ ಈ ಟಿಪ್ಪಣಿ. ಬರೆಯಲು ಕೂತರೆ ಪದಗಳೇ ಅಡ್ಡ ಬರುತ್ತಿವೆ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಮೊದಲು ‘ಜಾಮ್’. ನಮ್ಮಲ್ಲಿ ಗ್ಲಾಸಿಗೆ ಏನೇ ಆದರೂ ‘ಜಾಮ್ ಆಗಿದೆ’ ಅಂತಲೇ ಹೇಳುವುದು. ಗ್ಯಾರೇಜಿನಲ್ಲಿ ಮಲಯಾಳದಲ್ಲಿ ಮಾತಾಡುವಾಗ ಅದು ‘ಸ್ಟಕ್’ ಆಗುತ್ತದೆ, ಅಷ್ಟೇ. ಇಲ್ಲದಿದ್ದರೆ ‘ಕಂಪ್ಲೇಂಟ್’. ಮೋಟರ್ ಕಂಪ್ಲೇಂಟ್, ಸ್ವಿಚ್ ಕಂಪ್ಲೇಂಟ್. ಕೆಟ್ಟಿದೆ ಅನ್ನುವುದಕ್ಕೆ ನಮ್ಮ ಗಡಿಯಲ್ಲಿ ಈ ಪದ ಸಲೀಸಾಗಿ ನಡೆಯುತ್ತದೆ. ಬೆಂಗಳೂರಿನವರಿಗೆ ಹೇಳಿದರೆ ಯಾರ ಮೇಲೆ ದೂರು ಅಂತ ಕೇಳಿಯಾರು. ಪದ ಇಂಗ್ಲಿಷಿನದು ಅಂತ ನನ್ನ ತಕರಾರಲ್ಲ. ಒಂದೇ ಪದದಲ್ಲಿ ನಾಲ್ಕೈದು ಬೇರೆ ಬೇರೆ ರೋಗ ಮುಚ್ಚಿಹೋಗುತ್ತದೆ, ಆಮೇಲೆ ಇಪ್ಪತ್ತು ನಿಮಿಷದ ಕೆಲಸಕ್ಕೆ ಹೊಸ ಮೋಟರ್ ಹಾಕಿಸಿ ಬರುತ್ತಾರೆ, ನನಗೆ ಬೇಸರ ಅದಕ್ಕೆ.

ನಮ್ಮ ಕ್ರಿಯಾಪದಗಳು ಈ ವಿಷಯದಲ್ಲಿ ಎಷ್ಟು ಚುರುಕು ನೋಡಿ. ಗ್ಲಾಸು ನಿಧಾನವಾಗಿ, ಮುಕ್ಕಿರಿದು ಏರುತ್ತಿದ್ದರೆ ಅದು ‘ಬಿಗಿಯಾಗಿದೆ’. ಹೆಚ್ಚಾಗಿ ಎರಡೂ ಬದಿಯ ರಬ್ಬರ್ ಒಣಗಿ ಗಡುಸಾಗಿರುತ್ತದೆ, ಧೂಳು ಕೂತಿರುತ್ತದೆ. ಏರುವಾಗ ಒಂದು ಮೂಲೆ ಮುಂದೆ ಹೋಗಿ ಇನ್ನೊಂದು ಮೂಲೆ ಹಿಂದೆ ಉಳಿದರೆ ಗ್ಲಾಸು ‘ವಾಲಿದೆ’. ಅಂದರೆ ಗ್ಲಾಸನ್ನು ಹಿಡಿದಿರುವ ಪ್ಲಾಸ್ಟಿಕ್ ಕ್ಲಿಪ್ಪೋ ಬೋಲ್ಟೋ ಒಂದು ಕಡೆ ಬಿಟ್ಟಿದೆ. ದಡಕ್ಕನೆ ಬಾಗಿಲೊಳಗೆ ಬಿದ್ದರೆ ‘ಕುಸಿದಿದೆ’. ಸ್ವಿಚ್ ಒತ್ತಿದಾಗ ಕರಕರ ಸದ್ದು ಬಂದು ಗ್ಲಾಸು ಮಾತ್ರ ನಿಂತಲ್ಲೇ ನಿಂತರೆ ‘ಬರೇ ತಿರುಗುತ್ತಿದೆ’, ಗ್ಲಾಸನ್ನು ಎಳೆಯುವ ಕೇಬಲ್ಲಿನ ಎಳೆ ಬಿಚ್ಚಿದೆ ಅಥವಾ ಗೇರಿನ ಹಲ್ಲು ಸವೆದಿದೆ. ಸದ್ದೂ ಇಲ್ಲ, ಚಲನೆಯೂ ಇಲ್ಲ ಅಂದರೆ ‘ಮಿಸುಕುವುದಿಲ್ಲ’. ಇಷ್ಟು ಹೇಳಿದರೆ ಮೆಕ್ಯಾನಿಕ್‌ಗೆ ಅರ್ಧ ಕೆಲಸ ಮುಗಿದ ಹಾಗೆ, ಅಲ್ವಾ?

ಇದರಲ್ಲಿ ‘ಕುಸಿದಿದೆ’ ಮತ್ತು ‘ಮಿಸುಕುವುದಿಲ್ಲ’ ಇವೆರಡನ್ನು ಬೇರೆ ಇಡುವುದು ಬಹಳ ಮುಖ್ಯ ಅಂತ ನನ್ನ ಅಭಿಪ್ರಾಯ. ಈ ಮೋಟರಿನಲ್ಲಿ ಇರುವುದು ವರ್ಮ್ ಗೇರ್, ತಿರುಪಿನ ಹಾಗೆ ಸುರುಳಿ ಇರುವ ಗೇರು. ಮೋಟರು ಗ್ಲಾಸನ್ನು ತಳ್ಳಬಹುದು, ಗ್ಲಾಸು ಮೋಟರನ್ನು ಹಿಂದಕ್ಕೆ ತಿರುಗಿಸಲಾರದು. ಕೈಯಿಂದ ಒತ್ತಿದರೂ ಗ್ಲಾಸು ಕೆಳಗೆ ಇಳಿಯದಿರುವುದು ಇದಕ್ಕೇ. ಹಾಗಾಗಿ ಗ್ಲಾಸು ತಾನಾಗಿ ಕುಸಿದರೆ ಮೋಟರಿನ ಮೇಲೆ ಅನುಮಾನ ಪಡಬೇಕಾಗಿಲ್ಲ. ಹೆಚ್ಚಾಗಿ ಕೇಬಲ್ ಕಡಿದಿರುತ್ತದೆ, ಇಲ್ಲವೇ ಕ್ಲಿಪ್ ಮುರಿದಿರುತ್ತದೆ.

ಮಿಸುಕದ ಗ್ಲಾಸಿಗೆ ಒಂದು ಸುಲಭದ ಪರೀಕ್ಷೆ ಇದೆ. ಕತ್ತಲಾದ ಮೇಲೆ ಕಾರಿನ ಒಳಗಿನ ಲೈಟ್ ಹಾಕಿ, ಇಂಜಿನ್ ಚಾಲೂ ಮಾಡದೆ, ಕೀ ಮಾತ್ರ ಆನ್ ಮಾಡಿ ಸ್ವಿಚ್ ಒತ್ತಬೇಕು. ಲೈಟು ಒಂದು ಚೂರು ಮಂಕಾಯಿತಾ? ಹಾಗಾದರೆ ಮೋಟರಿಗೆ ಕರೆಂಟು ಹೋಗುತ್ತಿದೆ, ತಿರುಗಲು ಆಗುತ್ತಿಲ್ಲ. ಲೈಟು ಹಾಗೇ ಇದ್ದರೆ ಕರೆಂಟೇ ತಲುಪುತ್ತಿಲ್ಲ. ಆಗ ಫ್ಯೂಸು, ಸ್ವಿಚ್ಚು, ವಯರು ನೋಡಬೇಕು. ಇಲ್ಲಿ ವಯರಿನ ಒಂದು ಜಾಗ ಹೇಳಲೇಬೇಕು. ಬಾಗಿಲು ಮತ್ತು ಬಾಡಿಯ ನಡುವೆ, ಹಿಂಜಿನ ಹತ್ತಿರ, ಸುಕ್ಕುಸುಕ್ಕಾದ ಒಂದು ರಬ್ಬರ್ ಕೊಳವೆ ಇರುತ್ತದೆ. ವಯರುಗಳೆಲ್ಲ ಅದರೊಳಗಿಂದ ಹೋಗುತ್ತವೆ. ಬಾಗಿಲು ತೆರೆದು ಮುಚ್ಚಿ, ತೆರೆದು ಮುಚ್ಚಿ, ವರ್ಷಗಟ್ಟಲೆ ಮಡಚಿ ಮಡಚಿ ವಯರು ಒಳಗೆ ತುಂಡಾಗುತ್ತದೆ. ಹೊರಗಿನ ಸಿಪ್ಪೆ ಸರಿಯಾಗೇ ಕಾಣಿಸುತ್ತದೆ. ಡ್ರೈವರ್ ಬಾಗಿಲು ದಿನಕ್ಕೆ ಜಾಸ್ತಿ ಸಲ ತೆರೆಯುವುದರಿಂದ ಅಲ್ಲೇ ಮೊದಲು. ಸ್ವಿಚ್ ಒತ್ತಿ ಹಿಡಿದು ಬಾಗಿಲನ್ನು ಮೆಲ್ಲಗೆ ಆಡಿಸಿ ನೋಡಿ, ಯಾವುದೋ ಒಂದು ಕೋನದಲ್ಲಿ ಗ್ಲಾಸು ಓಡಿದರೆ ರೋಗ ಸಿಕ್ಕಿತು. ಈ ಕೊಳವೆಗೆ ನಿಮ್ಮಲ್ಲಿ ಏನಾದರೂ ಹೆಸರು ಇದೆಯಾ? ನಾನು ಕೇಳಿದ ಎಲೆಕ್ಟ್ರಿಷಿಯನ್ ‘ಬೂಟ್’ ಅಂದರು, ನಾನು ಟಿಪ್ಪಣಿಯಲ್ಲಿ ‘ವಯರಿನ ರಬ್ಬರ್ ಕೊಳವೆ’ ಅಂತಲೇ ಬರೆದಿದ್ದೇನೆ.

ಎರಡನೇ ತೊಡಕು ‘ತೆಗೆ’, ‘ಹಾಕು’. ಬಾಗಿಲು ತೆಗೆ, ಬಾಗಿಲು ಹಾಕು ಅಂತ ಹೇಳಿಯೇ ಬೆಳೆದವರು ನಾವು. ತುಳುವಿನಲ್ಲೂ ದೆಪ್ಪು, ಪಾಡ್. ಮನೆಮಾತಿನಲ್ಲಿ ಇದರಿಂದ ಯಾವ ಗೊಂದಲವೂ ಇಲ್ಲ. ರಿಪೇರಿಯ ಬರಹದಲ್ಲಿ ಮಾತ್ರ ‘ಗ್ಲಾಸು ತೆಗೆಯಿರಿ’ ಅಂದರೆ ಕೆಳಗೆ ಇಳಿಸುವುದಾ, ಬಾಗಿಲಿನಿಂದ ಕಳಚಿ ಹೊರಗಿಡುವುದಾ? ‘ಗ್ಲಾಸು ಹಾಕಿ’ ಅಂದರೆ ಮುಚ್ಚುವುದಾ, ಹೊಸದು ಕೂರಿಸುವುದಾ? ಮಲಯಾಳದವರು ಪೊಕ್ಕ್, ತಾಳ್ತ್ ಅಂತ ಮೇಲೆ ಕೆಳಗೆಯ ಲೆಕ್ಕದಲ್ಲೇ ಹೇಳುತ್ತಾರೆ, ಅದು ಸ್ಪಷ್ಟ. ನಾನೂ ಏರಿಸು, ಇಳಿಸು, ಕಳಚು, ಕೂರಿಸು ಈ ನಾಲ್ಕನ್ನೇ ಬಳಸಿದ್ದೇನೆ. ಇದಕ್ಕೆ ಆಕ್ಷೇಪ ಇರಲಾರದು ಅಂದುಕೊಂಡಿದ್ದೇನೆ.

‘ಮಿಷಿನ್’ ವಿಷಯವೂ ಹೇಳಿಬಿಡುತ್ತೇನೆ. ಗ್ಲಾಸನ್ನು ಎತ್ತಿ ಇಳಿಸುವ ಚೌಕಟ್ಟಿಗೆ ಕಂಪನಿಯವರ ಪುಸ್ತಕದಲ್ಲಿ ರೆಗ್ಯುಲೇಟರ್ ಅಂತ ಇರುತ್ತದೆ. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಅದು ‘ವಿಂಡೋ ಮಿಷಿನ್’. ನಮ್ಮ ಕಿವಿಗೆ ರೆಗ್ಯುಲೇಟರ್ ಅಂದರೆ ಫ್ಯಾನಿನದೇ. ಹಾಗಾಗಿ ಮಿಷಿನ್ ಒಪ್ಪಿಗೆ. ಅದರಲ್ಲಿ ಎರಡು ಜಾತಿ. ಎರಡು ಕೈ ಅಡ್ಡಡ್ಡ ಬಂದು ಎತ್ತುವುದು ಒಂದು, ಅದಕ್ಕೆ ಕತ್ತರಿ ಮಿಷಿನ್ ಅನ್ನಬಹುದು. ಕೇಬಲ್ ಓಡುವುದು ಇನ್ನೊಂದು, ಬಾವಿಯ ರಾಟೆಯ ಹಾಗೆ ಮೇಲೊಂದು ಕೆಳಗೊಂದು ಚಿಕ್ಕ ಪ್ಲಾಸ್ಟಿಕ್ ರಾಟೆ, ನಡುವೆ ಕಬ್ಬಿಣದ ಕೇಬಲ್. ರಾಟೆ ಅಂದರೆ ಇಲ್ಲಿ ಎಲ್ಲರಿಗೂ ಗೊತ್ತು, ಮಲಯಾಳದವರು ಕಪ್ಪಿ ಅನ್ನುತ್ತಾರೆ. ನನ್ನ ಪ್ರಶ್ನೆ ಇಷ್ಟೇ: ಮಿಷಿನ್ ಅಂದಾಗ ಮೋಟರು ಸೇರಿಯಾ, ಬಿಟ್ಟಾ? ನಮ್ಮಲ್ಲಿ ಒಂದೊಂದು ಅಂಗಡಿಯಲ್ಲಿ ಒಂದೊಂದು ಅರ್ಥ, ರೇಟಿನಲ್ಲೂ ತುಂಬಾ ವ್ಯತ್ಯಾಸ. ಮಂಗಳೂರು, ಪುತ್ತೂರು ಕಡೆಯವರು ಹೇಳಿ.

ಈಗ ನನಗೆ ನಿಜವಾಗಿ ಬೇಕಾದ ಪದ. ಗ್ಲಾಸಿನ ಅಂಚು ಒಂದು ರಬ್ಬರಿನ ಸಂದಿಯೊಳಗೆ ಕೂತು ಮೇಲೆ ಕೆಳಗೆ ಓಡುತ್ತದಲ್ಲ, ಒಳಗೆ ನಯವಾದ ಮಖಮಲ್ಲಿನ ಹಾಗೆ ಪದರ ಇರುತ್ತದಲ್ಲ, ಅದರ ಹೆಸರು ಏನು? ಅಂಗಡಿಯಲ್ಲಿ ‘ಚಾನೆಲ್ ರಬ್ಬರ್’ ಅಂದರೂ ಕೊಡುತ್ತಾರೆ, ‘ಬೀಡಿಂಗ್’ ಅಂದರೂ ಕೊಡುತ್ತಾರೆ. ಬೀಡಿಂಗ್ ಅಂದಾಗ ಬಾಗಿಲಿನ ಸುತ್ತ ಇರುವ ದಪ್ಪ ರಬ್ಬರ್ ಕೊಡುವುದೂ ಉಂಟು, ಗ್ಲಾಸಿನ ಬುಡದಲ್ಲಿ ನೀರು ಒರೆಸುವ ಪಟ್ಟಿ ಕೊಡುವುದೂ ಉಂಟು. ಮೂರೂ ಬೇರೆ. ಬಿಗಿಯಾದ ಗ್ಲಾಸಿನ ಔಷಧಿ ಇರುವುದು ಮೊದಲನೆಯದರಲ್ಲಿ, ಅಂದರೆ ಗ್ಲಾಸು ಓಡುವ ಸಂದಿಯ ರಬ್ಬರಿನಲ್ಲಿ. ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಲು ಬಿಟ್ಟು, ಸಿಲಿಕೋನ್ ಸ್ಪ್ರೇ ಹೊಡೆದು ಗ್ಲಾಸನ್ನು ಕೆಲವು ಸಲ ಏರಿಸಿ ಇಳಿಸಿದರೆ ಎಷ್ಟೋ ಕಾರು ಸರಿಯಾಗುತ್ತವೆ. ಇಂಜಿನ್ ಆಯಿಲ್, ಗ್ರೀಸ್ ಹಾಕಬಾರದು. ರಬ್ಬರ್ ಉಬ್ಬುತ್ತದೆ, ಧೂಳು ಅಂಟುತ್ತದೆ, ಮೊದಲಿಗಿಂತ ಬಿಗಿಯಾಗುತ್ತದೆ. ಹಾಗೆ ಬಿಗಿಯಲ್ಲೇ ಓಡಿಸುತ್ತಾ ಇದ್ದರೆ ಮೋಟರು ಬಿಸಿಯಾಗುತ್ತದೆ. ಬಿಸಿ ಹೆಚ್ಚಾದಾಗ ತಾನೇ ಕರೆಂಟು ಕಡಿದುಕೊಳ್ಳುವ ವ್ಯವಸ್ಥೆ ಹಲವು ಮೋಟರುಗಳಲ್ಲಿ ಇರುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುತ್ತದೆ. ಜನ ಅದನ್ನೇ ನೋಡಿ ‘ಮೋಟರ್ ಹೋಯ್ತು’ ಅನ್ನುತ್ತಾರೆ.

ಈ ಸಂದಿಗೆ ನನಗೆ ಹೊಳೆದದ್ದು ‘ಕಣಿ’. ಅಡಿಕೆ ತೋಟ ನೋಡಿದವರಿಗೆ ಗೊತ್ತು, ಸಾಲುಗಳ ನಡುವೆ ನೀರು ಹರಿದು ಹೋಗಲು ತೋಡಿದ ಕಿರಿದಾದ ಕಾಲುವೆ ಅದು. ‘ಗ್ಲಾಸಿನ ಕಣಿ’, ‘ಕಣಿಯ ರಬ್ಬರ್’ ಅಂದರೆ ನಮ್ಮೂರಿನ ಹಿರಿಯರಿಗೂ ಕೂಡಲೇ ಅರ್ಥವಾಯಿತು. ಆದರೆ ಘಟ್ಟದ ಮೇಲಿನವರಿಗೆ ಕಣಿ ಅಂದರೆ ಭವಿಷ್ಯ ಹೇಳುವುದು, ಇಲ್ಲೇ ಪಕ್ಕದ ಮನೆಯ ಮಲಯಾಳದವರಿಗೆ ವಿಷು ಹಬ್ಬದ ದಿನ ಬೆಳಿಗ್ಗೆ ಎದ್ದು ಮೊದಲು ನೋಡುವ ಕಣಿ. ‘ಓಣಿ’ ಅಂತ ಒಬ್ಬರು ಸೂಚಿಸಿದರು, ಚಂದವೇ ಇದೆ, ಆದರೆ ಓಣಿಯಲ್ಲಿ ಜನ ನಡೆಯುತ್ತಾರೆ ಅನ್ನುವ ಭಾವ ಬಿಡುವುದಿಲ್ಲ. ‘ಜಾಡು’ ಸವೆದ ಗುರುತಿಗೆ ಹತ್ತಿರ. ಮರಗೆಲಸದವರು ಹಲಗೆಯ ಅಂಚಿನಲ್ಲಿ ಕೊರೆಯುವ ಸಂದಿಗೆ ಅವರದೇ ಪದ ಇರಬೇಕಲ್ಲ, ಅದು ಸಿಕ್ಕಿದರೆ ಎಲ್ಲಕ್ಕಿಂತ ಒಳ್ಳೆಯದು. ಆಚಾರಿಗಳ ಮನೆಯವರು ಯಾರಾದರೂ ಇಲ್ಲಿದ್ದರೆ ದಯವಿಟ್ಟು ತಿಳಿಸಿ.

ಇನ್ನೊಂದು ಚಿಕ್ಕದು. ಬಾಗಿಲಿನ ಒಳಹಲಗೆ, ಅಂದರೆ ‘ಡೋರ್ ಪ್ಯಾಡ್’ ಕಳಚಿದಾಗ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತದೆ. ರಿಪೇರಿ ಅವಸರದಲ್ಲಿ ಅದನ್ನು ಹರಿದು ಬಿಸಾಡುತ್ತಾರೆ. ಬಾಗಿಲಿನೊಳಗೆ ಮಳೆ ನೀರು ಇಳಿಯುವುದು ಸಹಜ, ಅದು ಅಡಿಯ ತೂತುಗಳಿಂದ ಹೊರಗೆ ಹೋಗಬೇಕು. ಹಾಳೆ ಇಲ್ಲದಿದ್ದರೆ ನೀರು ಪ್ಯಾಡಿಗೆ, ಸ್ಪೀಕರಿಗೆ, ಕಾರಿನೊಳಗೆ ಬರುತ್ತದೆ. ನಮ್ಮ ಜೂನ್, ಜುಲೈ ಮಳೆಗೆ ಇದು ಸುಮ್ನೆ ಬಿಡುವ ವಿಷಯ ಅಲ್ಲ. ಟಿಪ್ಪಣಿಯಲ್ಲಿ ‘ನೀರು ತಡೆಯುವ ಹಾಳೆ, ಹರಿಯಬೇಡಿ’ ಅಂತ ದಪ್ಪ ಅಕ್ಷರದಲ್ಲಿ ಹಾಕುತ್ತೇನೆ. ಇದಕ್ಕೆ ಬೇರೆ ಪದ ಬೇಕಾಗಿಲ್ಲ.

ಕಣಿಯ ವಿಷಯಕ್ಕೆ ಮತ್ತು ಮಿಷಿನ್ ವಿಷಯಕ್ಕೆ ಉತ್ತರ ಬೇಗ ಸಿಕ್ಕರೆ ಒಳ್ಳೆಯದು. ಮಳೆ ಹಿಡಿಯುವ ಮೊದಲು ಈ ಪುಟವನ್ನು ಪ್ರಿಂಟ್ ಮಾಡಿ ಹಂಚಬೇಕು ಅಂತಿದ್ದೇನೆ.